ಏಳನೇ ತಿರುವಿನ ಪೊರಕೆ

ಫೂಜೇರ್ ಗುಡ್ಡದ ಏರುರಸ್ತೆಯ ಏಳನೇ ತಿರುವಿನಲ್ಲಿ ಜಲ್ಲಿ ಒಳಮಗ್ಗುಲಿಗೆ ಸೇರುತ್ತದೋ ಹೊರಮಗ್ಗುಲಿಗೋ ಎಂಬುದು ಹಗುರವಾಗಿ ತೀರ್ಮಾನಿಸುವ ವಿಷಯವಲ್ಲ. ಶಾರ್ವೆ ಊರಿನಲ್ಲಿ ಈ ಬಗ್ಗೆ ಎರಡು ಪಕ್ಷಗಳಿವೆ. ಹಾಲಿನ ಟ್ಯಾಂಕರ್ ಓಡಿಸುವವರು ಹೊರಮಗ್ಗುಲು ಎನ್ನುತ್ತಾರೆ. ಸೈಕಲ್ ತುಳಿಯುವವರು ತಮ್ಮ ಮೊಣಕೈಯ ಹಳೆ ಗಾಯ ತೋರಿಸಿ ಒಳಮಗ್ಗುಲು ಎನ್ನುತ್ತಾರೆ. ಮೂವರು ಮೇಯರ್‌ಗಳು ಬಂದು ಹೋದರೂ ಇದು ಇತ್ಯರ್ಥವಾಗಿಲ್ಲ. ಉತ್ತರ ಗೊತ್ತಿರುವ ಒಬ್ಬರನ್ನು ಮಾತ್ರ ಯಾರೂ ಕೇಳಿಲ್ಲ. ಅವರು ಈ ಹೊತ್ತಿನಲ್ಲಿ, ಬೆಳಗಿನ ಐದೂವರೆಗೆ, ಅದೇ ತಿರುವಿನಲ್ಲಿ ಬೆನ್ನು ಬಾಗಿಸಿ ಗುಡಿಸುತ್ತಿದ್ದಾರೆ.

ಸಿಲ್ವಿಯಾನ್ ಓಕ್ಲೇರ್ ಎಂಬ ಈ ಹೆಂಗಸಿಗೆ ಐವತ್ತೊಂಬತ್ತು. ಊರಿನ ರಸ್ತೆ ಕೆಲಸದವರು ಎಂದರೆ ಅವರೊಬ್ಬರೇ. ಕಿತ್ತಳೆ ಬಣ್ಣದ ಅಂಗಿ, ತಂದೆಯ ಕಾಲದ ತಳ್ಳುಗಾಡಿ, ಬರ್ಚ್ ಮರದ ಕಡ್ಡಿಗಳನ್ನು ಬಿಗಿದು ಕಟ್ಟಿದ ಪೊರಕೆ. ಮೊದಲು ಅಗಲಕ್ಕೆ ಎಳೆಯುತ್ತಾರೆ, ಆಮೇಲೆ ಉದ್ದಕ್ಕೆ. ಕೊನೆಗೆ ಬೂಟಿನ ತುದಿಯಿಂದ ಡಾಂಬರನ್ನು ಒಮ್ಮೆ ಸವರಿ ನೋಡುತ್ತಾರೆ, ಹಿಟ್ಟಿನ ಹದ ನೋಡುವವರ ಹಾಗೆ.

"ಮಳೆ ಬಂದ್ರೆ ಒಳಗಡೆ, ಟ್ಯಾಂಕರ್ ಬಂದ್ರೆ ಹೊರಗಡೆ," ಎನ್ನುತ್ತಾರೆ. "ಎರಡೂ ಬಂದ್ರೆ ನನ್ ಸೊಂಟದ ಕಡೆ."

ಏರಿನ ಉದ್ದ ನಾಲ್ಕು ಕಿಲೋಮೀಟರ್ ಮುನ್ನೂರು ಮೀಟರ್. ತಿರುವು ಹನ್ನೊಂದು. ಬೇಸಿಗೆಯಲ್ಲಿ ರಸ್ತೆ ಇಲಾಖೆಯವರು ಬಿಸಿ ಡಾಂಬರು ಸುರಿದು ಮೇಲೆ ಸಣ್ಣ ಜಲ್ಲಿ ಚೆಲ್ಲಿ, ಉಳಿದದ್ದನ್ನು ದೇವರಿಗೆ ಬಿಟ್ಟು ಹೋಗುತ್ತಾರೆ. ಆ ಉಳಿದದ್ದು ತಿರುವುಗಳಲ್ಲಿ ಗುಡ್ಡೆಯಾಗುತ್ತದೆ. ಕಾರಿಗೆ ಅದು ಬರೀ ಸದ್ದು. ಎರಡು ಬೆರಳು ಅಗಲದ ಚಕ್ರಕ್ಕೆ ಅದು ಆಸ್ಪತ್ರೆ. ಸಿಲ್ವಿಯಾನ್ ಬುಧವಾರ ಗುಡಿಸುತ್ತಾರೆ, ಭಾನುವಾರ ಗುಡಿಸುತ್ತಾರೆ. ಆರು ವಾರಕ್ಕೊಂದು ಪೊರಕೆ ಸವೆಯುತ್ತದೆ. ಅದಕ್ಕೆ ಬೇಕಾದ ಕಡ್ಡಿಯನ್ನು ಜನವರಿಯಲ್ಲೇ ಕಡಿದು ದನದ ಕೊಟ್ಟಿಗೆಯಲ್ಲಿ ಒಣಗಿಸಿಟ್ಟಿರುತ್ತಾರೆ. ಬುಧವಾರದ್ದು ನೌಕರಿ. ಭಾನುವಾರದ್ದು ಏನು ಎಂದು ಕೇಳಿದರೆ, "ಕೆಲವರು ಚರ್ಚಿಗೆ ಹೋಗ್ತಾರಲ್ಲ," ಎನ್ನುತ್ತಾರೆ.

ಈ ಚಟ ತಂದೆ ಮಾರ್ಸೆಲ್ಲಾನ್ ಅವರಿಂದ ಬಂದದ್ದು. ಅವರೂ ಇದೇ ರಸ್ತೆಯ ಕೆಲಸಗಾರರು. ಐವತ್ತು ವರ್ಷಗಳ ಹಿಂದೆ, ಜೂನ್ ತಿಂಗಳ ಒಂದು ಮಧ್ಯಾಹ್ನ, ಯುಗೆಟ್ ಎಂಬ ಹೊಸ ಶಾಲಾ ಟೀಚರು ಸೈಕಲ್ಲಿನಲ್ಲಿ ಮೇಲಿನಿಂದ ಇಳಿದು ಬರುತ್ತ ಏಳನೇ ತಿರುವಿನಲ್ಲಿ ಜಲ್ಲಿಯ ಮೇಲೆ ಜಾರಿದರು. ಹೆಗಲೆಲುಬು ಮುರಿಯಿತು. ಮಾರ್ಸೆಲ್ಲಾನ್ ಅವರನ್ನು ಇದೇ ತಳ್ಳುಗಾಡಿಯಲ್ಲಿ, ಕೆಳಗೆ ಹುಲ್ಲು ಹಾಸಿ, ಮನೆಗೆ ತಂದರು. ಟೀಚರು ಮೂರು ವಾರ ಉಳಿದರು. ಒಂದು ಕೈ ಕಟ್ಟಿಕೊಂಡೇ ಒಂಬತ್ತು ವರ್ಷದ ಸಿಲ್ವಿಯಾನ್‌ಗೆ ಭಾಗಾಕಾರ ಕಲಿಸಿದರು. ಮುಂದಿನ ಭಾನುವಾರದಿಂದ ಮಾರ್ಸೆಲ್ಲಾನ್ ಪೊರಕೆ ಹಿಡಿದರು. ಮಗಳಿಗೆ ಮಾತ್ರ ಸೈಕಲ್ ಕಲಿಯಲು ಬಿಡಲಿಲ್ಲ. ಸಿಲ್ವಿಯಾನ್‌ಗೆ ಇವತ್ತಿಗೂ ಸೈಕಲ್ ಬರುವುದಿಲ್ಲ.

ಆಗಿನ ಭಾನುವಾರಗಳೇ ಬೇರೆ. ಹ್ಯಾಂಡಲ್ ಮೇಲೆ ಕ್ಯಾನ್ವಾಸ್ ಚೀಲ, ಚೀಲದ ಮೇಲೆ ಮಡಿಸಿದ ನಕ್ಷೆ, ಹಿಂದೆ ಒಣ ಸಾಸೇಜು ಮತ್ತು ಬದಲಿ ಕಾಲುಚೀಲ. ಇಬ್ಬರೂ ತುಳಿಯುವ ಜೋಡಿ ಸೈಕಲ್ಲಿನಲ್ಲಿ ಬರುತ್ತಿದ್ದ ಅಂಚೆಯವ ಮತ್ತು ಅವನ ಹೆಂಡತಿ ಏರಿನ ಉದ್ದಕ್ಕೂ ಜಗಳವಾಡಿ, ತುದಿ ಮುಟ್ಟಿದ ಕೂಡಲೇ ಮುತ್ತಿಡುತ್ತಿದ್ದರು. ದಾರಿಬದಿಯ ಬಾವಿಯ ಬಳಿ ಎಲ್ಲರೂ ಇಳಿದು ನೀರು ತುಂಬಿಸಿ ನಕ್ಷೆ ಹರಡುತ್ತಿದ್ದರು. ಅದು ತಲೆಕೆಳಗಾಗಿದೆ ಎಂದು ಮಾರ್ಸೆಲ್ಲಾನ್ ಹೇಳಬೇಕಾಗುತ್ತಿತ್ತು. ಈಗ ಹ್ಯಾಂಡಲ್ ಮೇಲಿನ ಫೋನೇ ಮಾತಾಡುತ್ತದೆ. ಬಾವಿ ಹಾಗೇ ಇದೆ.

"ಆಗ ಸದ್ದಲ್ಲೇ ಗೊತ್ತಾಗ್ತಿತ್ತು ಯಾರ್ ಬರ್ತಿದಾರೆ ಅಂತ," ಎನ್ನುತ್ತಾರೆ ಸಿಲ್ವಿಯಾನ್. "ಒಬ್ರದ್ದು ಟಿಕಟಿಕ ಅನ್ನೋದು, ಇನ್ನೊಬ್ರದ್ದು ಕೀಚ್ ಕೀಚ್. ಟೀಚರಮ್ಮಂದು ಸದ್ದೇ ಇಲ್ಲ. ಎಣ್ಣೆ ಹಾಕೋದ್ರಲ್ಲೂ ಟೀಚರೇ ಅವ್ರು."

ಶಾರ್ವೆ ಸೈಕಲ್ ಯಾತ್ರಿಕರ ಸಂಘದ ವಾರ್ಷಿಕ ಪಯಣ ಎಂಬತ್ತನಾಲ್ಕು ಕಿಲೋಮೀಟರಿನದು. ಅದರ ನಡುವೆ ಈ ಏರು. ಸಂಘ ಪ್ರತಿ ವರ್ಷ ರಸ್ತೆಯ ಮೇಲೆ ಹೊಸ ಬಾಣ ಬಳಿಯುತ್ತದೆ, ಹಳೆಯದನ್ನು ಅಳಿಸುವುದಿಲ್ಲ. ಆದ್ದರಿಂದ ಕವಲುಗಳಲ್ಲಿ ಐದಾರು ಬಣ್ಣದ ಬಾಣಗಳು ಐದಾರು ದಿಕ್ಕು ತೋರಿಸುತ್ತ ಬಿದ್ದಿರುತ್ತವೆ. ಅನುಭವಸ್ಥರು ಅವನ್ನು ನೋಡುವುದೇ ಇಲ್ಲ. ಗುಡಿಸಿದ ದಾರಿ ಯಾವುದೋ ಅದೇ ದಾರಿ. ಈ ಲೆಕ್ಕ ತಪ್ಪಿದ್ದು ಒಮ್ಮೆ ಮಾತ್ರ. ಹನ್ನೆರಡು ವರ್ಷದ ಹಿಂದೆ, ಪಯಣದ ದಿನವೇ, ಮೂರನೇ ತಿರುವಿನ ಬಿದೋ ಎಂಬವರ ಜಮೀನಿನ ಮನೆಯಲ್ಲಿ ಮಗು ಚರ್ಚಿನಲ್ಲಿ ಮೊದಲ ಸಲ ಪರಮಪ್ರಸಾದ ಪಡೆದ ಔತಣವಿತ್ತು. ನೆಂಟರ ಚಪ್ಪಲಿ ಕೊಳೆಯಾಗದಿರಲಿ ಎಂದು ಸಿಲ್ವಿಯಾನ್ ಆ ಮನೆಯ ದಾರಿಯನ್ನೂ ಗುಡಿಸಿಕೊಟ್ಟರು. ಅಂದು ಮೂವತ್ತೆಂಟು ಸೈಕಲ್ಲುಗಳು ಸಾಲಾಗಿ ಅಂಗಳ ಹೊಕ್ಕವು. ಕೆನೆ ಹುಯ್ದ ಆಲೂಗಡ್ಡೆ ಪೈ ನೆಂಟರಿಗೆ ಸಾಲಲಿಲ್ಲ. ಯಾರೂ ದಾರಿ ತಪ್ಪಿದೆವು ಎನ್ನಲಿಲ್ಲ. ಸಂಘದ ಊಟದ ವ್ಯವಸ್ಥೆ ಈ ವರ್ಷ ಸುಧಾರಿಸಿದೆ ಎಂದರು.

ಈ ವರ್ಷ ಸಮಸ್ಯೆ ಬೇರೆ. ಸಂಘಕ್ಕೆ ವಯಸ್ಸಾಗಿದೆ. ಹೊಳೆಯ ಪಕ್ಕದ ಹಳೆ ರೈಲುಹಾದಿಯನ್ನು ಹಳಿ ಕಿತ್ತು ಸಮ ಮಾಡಿ ಸೈಕಲ್ಲುಗಳಿಗೆ ಬಿಟ್ಟಿದ್ದಾರೆ. ಅದರಲ್ಲಿ ಏರಿಲ್ಲ, ತಿರುವಿಲ್ಲ, ಟ್ಯಾಂಕರ್ ಇಲ್ಲ. ಅಧ್ಯಕ್ಷ ಜಿಲ್ಬೇರ್ ಪೆರಿಶೋಂ, ನಿವೃತ್ತ ಔಷಧ ಅಂಗಡಿಯವರು, ಪಯಣವನ್ನು ಅಲ್ಲಿಗೆ ತಿರುಗಿಸೋಣ ಎಂದು ಸಮಿತಿಯ ಮುಂದಿಟ್ಟರು. ಮೇಯರ್ ಕಚೇರಿ ಒಂದು ಮಾತು ಸೇರಿಸಿತು: ಸಂಘ ಏರನ್ನು ಬಿಟ್ಟರೆ ಅಲ್ಲಿ ಕೈಯಿಂದ ಗುಡಿಸುವ ಅಗತ್ಯವಿಲ್ಲ. ಪೇಟೆಯಿಂದ ಯಂತ್ರದ ಗಾಡಿ ವರ್ಷಕ್ಕೆರಡು ಸಲ ಬಂದರೆ ಸಾಕು. ಸಿಲ್ವಿಯಾನ್ ಸ್ಮಶಾನದ ಹೂಗಿಡಗಳನ್ನು ನೋಡಿಕೊಳ್ಳಲಿ.

"ಹೂವಿಗೆ ನೀರ್ ಹಾಕೋದು ಒಳ್ಳೆ ಕೆಲ್ಸಾನೇ," ಎನ್ನುತ್ತಾರೆ ಸಿಲ್ವಿಯಾನ್, ಪೊರಕೆ ಒದರುತ್ತ. "ಆದ್ರೆ ಅಲ್ಲಿರೋರು ಯಾರೂ ಸೈಕಲ್ ಗಂಟೆ ಹೊಡ್ಕೊಂಡು ಹೋಗಲ್ಲ."

ಸಮಿತಿಯಲ್ಲಿ ಒಂಬತ್ತು ಮಂದಿ. ರೈಲುಹಾದಿಗೆ ಐದು ಕೈ, ಏರಿಗೆ ನಾಲ್ಕು. ಮಾರನೆಯ ಬೆಳಿಗ್ಗೆ ಎಪ್ಪತ್ತಾರರ ಯುಗೆಟ್ ಟೀಚರು ತಾವೇ ಸಿಲ್ವಿಯಾನ್ ಮನೆಗೆ ಬರುತ್ತಾರೆ. ಹೆಲ್ಮೆಟ್ ತೆಗೆಯದೆ ಅಡುಗೆಮನೆಯ ಬಾಗಿಲಲ್ಲೇ ನಿಲ್ಲುತ್ತಾರೆ.

"ಆ ಐದನೆಯವಳು ನಾನೇ ಕಣೆ."

ಸಿಲ್ವಿಯಾನ್ ಬಟ್ಟಲು ಒರೆಸುತ್ತಿದ್ದಾರೆ. "ಮಂಡಿ ಹೆಂಗಿದೆ ಟೀಚರಮ್ಮ?"

"ಕೆಟ್ಟೋಗಿದೆ. ಐದನೇ ತಿರುವಿಗೇ ನಿಂತೋಗತ್ತೆ."

"ಸರಿ ಬಿಡಿ. ಕಾಫಿ ಕುಡೀರಿ."

"ಬೈಬಾರ್ದೇನೆ ಒಂದ್ಸಲ?"

"ಬೈದ್ರೆ ಮಂಡಿ ಸರಿ ಹೋಗತ್ತಾ? ಕೂತ್ಕೊಳ್ಳಿ. ಆ ಹೆಲ್ಮೆಟ್ ತೆಗೀರಿ ಮೊದ್ಲು, ತಲೆ ಮೇಲೇನೂ ಬೀಳಲ್ಲ ಇಲ್ಲಿ."

ಪಯಣದ ಭಾನುವಾರ. ಸೇತುವೆ ದಾಟಿದರೆ ಕವಲು. ಎಡಕ್ಕೆ ರೈಲುಹಾದಿ, ಬಲಕ್ಕೆ ಫೂಜೇರ್ ಏರು. ಈ ಸಲ ಪೆರಿಶೋಂ ಹಳೆಯ ಬಾಣಗಳನ್ನೆಲ್ಲ ಕಪ್ಪು ಬಣ್ಣದಿಂದ ಮುಚ್ಚಿ, ಬಾಗಿಲಿನಷ್ಟು ದೊಡ್ಡದೊಂದು ಕೆಂಪು ಬಾಣವನ್ನು ಎಡಕ್ಕೆ ಬರೆಸಿದ್ದಾರೆ. ಅದರ ಪಕ್ಕದಲ್ಲಿ ಹೆಸರಿನ ಪಟ್ಟಿ ಹಿಡಿದು ನಿಂತೂ ಇದ್ದಾರೆ. ಬಲಕ್ಕೆ ಏನೂ ಬರೆದಿಲ್ಲ. ರಸ್ತೆ ಮಾತ್ರ ತುದಿಯಿಂದ ತುದಿಗೆ ಗುಡಿಸಿದೆ, ಇಬ್ಬನಿಗೆ ಕಪ್ಪಗೆ ಹೊಳೆಯುತ್ತಿದೆ, ಒಂದು ಕಲ್ಲಿಲ್ಲ.

ಮೊದಲ ಗುಂಪು ಬಂದು ಕಾಲೂರಿ ನಿಲ್ಲುತ್ತದೆ.

"ಬಾಣ ಎಡಕ್ಕಿದೆ," ಎನ್ನುತ್ತಾರೆ ಒಬ್ಬರು.

"ಗುಡಿಸಿರೋದು ಬಲಕ್ಕೆ," ಎನ್ನುತ್ತಾರೆ ಇನ್ನೊಬ್ಬರು.

"ಎಡಕ್ಕೇ ಕಣ್ರಪ್ಪ," ಎನ್ನುತ್ತಾರೆ ಪೆರಿಶೋಂ. "ನಿರ್ಣಯ ಆಗಿದೆ."

"ನಿರ್ಣಯಕ್ಕೆ ನೀವ್ ಕೈ ಎತ್ತಿದ್ರಿ ಅಧ್ಯಕ್ಷರೇ. ಆವಮ್ಮ ಬೆಳಗಿನ ಜಾವ ಎದ್ದು ಗುಡಿಸಿದಾಳೆ," ಎನ್ನುತ್ತ ಮೂರನೆಯವರು ಗೇರು ಇಳಿಸುತ್ತಾರೆ. ಸಮಿತಿಯಲ್ಲಿ ರೈಲುಹಾದಿಗೆ ಕೈ ಎತ್ತಿದವರಲ್ಲಿ ಇವರೂ ಒಬ್ಬರು. ಗುಂಪು ಬಲಕ್ಕೆ ಹೊರಡುತ್ತದೆ. ಹಿಂದಿನವರು ಮುಂದಿನವರ ಬೆನ್ನು ನೋಡಿ ಹೊರಡುತ್ತಾರೆ. ಫೋನುಗಳು ಹ್ಯಾಂಡಲ್ ಮೇಲಿನಿಂದ ದಾರಿ ತಪ್ಪಿತು ಎಂದು ಹೇಳುತ್ತಲೇ ಇರುತ್ತವೆ.

ಸಿಲ್ವಿಯಾನ್ ಏಳನೇ ತಿರುವಿನಲ್ಲಿ, ತಳ್ಳುಗಾಡಿಯ ಅಂಚಿನ ಮೇಲೆ ಕೂತಿದ್ದಾರೆ. ಹೋಗುವವರು ಗಂಟೆ ಹೊಡೆಯುತ್ತಾರೆ, ಇವರು ಗಲ್ಲ ಎತ್ತುತ್ತಾರೆ. ಎಲ್ಲರ ಕೊನೆಗೆ ಯುಗೆಟ್ ಟೀಚರು, ಸೈಕಲ್ ತಳ್ಳಿಕೊಂಡು, ಕುಂಟುತ್ತ ಬರುತ್ತಾರೆ.

"ಎಡಗಡೆ ಸಮ ಇತ್ತಲ್ಲ ಟೀಚರಮ್ಮ."

"ಅಲ್ಲಿ ಯಾರು ಗುಡಿಸಿದ್ರು?" ಎನ್ನುತ್ತಾರೆ ಟೀಚರು, ಉಸಿರು ಸಿಕ್ಕ ಮೇಲೆ. ಸಿಲ್ವಿಯಾನ್ ಎದ್ದು ಜಾಗ ಕೊಡುತ್ತಾರೆ. ಟೀಚರು ತಳ್ಳುಗಾಡಿಯ ಮೇಲೆ ಕೂರುತ್ತಾರೆ. ಈ ಸಲ ಹುಲ್ಲು ಹಾಸಿಲ್ಲ.

ಮಧ್ಯಾಹ್ನ ಪೆರಿಶೋಂ ಕಾರಿನಲ್ಲಿ ಮೇಲೆ ಬರುತ್ತಾರೆ. ಕಿಟಕಿ ಇಳಿಸುತ್ತಾರೆ.

"ನೀನಿದನ್ನ ಬೇಕಂತಲೇ ಮಾಡಿದೆ, ಸಿಲ್ವಿಯಾನ್."

"ಇಪ್ಪತ್ತಾರ್ ವರ್ಷದಿಂದ ಬೇಕಂತಲೇ ಮಾಡ್ತಿದೀನಿ ಅಧ್ಯಕ್ಷರೇ," ಎನ್ನುತ್ತಾರೆ ಸಿಲ್ವಿಯಾನ್. "ಇವತ್ ಕಾಣಿಸ್ತಾ ನಿಮ್ಗೆ?"

ಅಂದು ಸೇತುವೆಗೆ ಬಂದವರು ಅರವತ್ತೊಂದು ಮಂದಿ. ಎಡಕ್ಕೆ ಹೋದವರು ಏಳು. ಸಮಿತಿ ಮಂಗಳವಾರ ಮತ್ತೆ ಸೇರಿತು. ಮುಂದಿನ ವರ್ಷದ ಪಯಣ ಫೂಜೇರ್ ಏರಿನ ಮೇಲೆಯೇ ಹೋಗುತ್ತದೆ.