ನಲವತ್ತೊಂದು ಬಾವಿಗಳ ಸೆಲೀನ್ ಟೀಚರ್

ಇಪ್ಪತ್ತಮೂರು ವರ್ಷ ಸೆಲೀನ್ ಟೀಚರ್ ಒಂದೇ ನೋಟ್ಸನ್ನು ಓದಿ ಹೇಳಿ ಬರೆಸಿದರು. ಆಮ್ಲ ಎಂದರೇನು, ಪ್ರತ್ಯಾಮ್ಲ ಎಂದರೇನು, ಕೆಳಗೆ ಗೆರೆ ಎಳೆಯಿರಿ. ಕಟಪಾಡಿಗೂ ಕಾಪುವಿಗೂ ನಡುವಿನ ಆ ಅನುದಾನಿತ ಹೈಸ್ಕೂಲಿನಲ್ಲಿ ತಾಯಿಯಿಂದ ಎಳೆಸಿದ ಗೆರೆಯನ್ನೇ ಮಗಳಿಂದಲೂ ಎಳೆಸಿದ್ದುಂಟು. ರಿಸಲ್ಟ್ ಚೆನ್ನಾಗಿಯೇ ಬರುತ್ತಿತ್ತು, ಯಾರದ್ದೂ ದೂರಿರಲಿಲ್ಲ. ಮದುವೆಯಾಗದ ಟೀಚರ್ ಶಂಕರಪುರದಲ್ಲಿ ತಮ್ಮ ಪೀಟರನ ಮನೆಯಲ್ಲಿದ್ದರು. ಬೆಳಗ್ಗೆ ಅಂಗಳದ ಮಲ್ಲಿಗೆ ಮೊಗ್ಗು ಕೊಯ್ದು, ಕಟ್ಟಿ, ಕೈ ತೊಳೆದು ಬಸ್ಸು ಹಿಡಿದರೆ ಅವರ ದಿನ ಸರಿಹೋಗುತ್ತಿತ್ತು.

ಹಾಗೆಯೇ ನಿವೃತ್ತರಾಗಿದ್ದರೆ ಒಳ್ಳೆಯದಿತ್ತೋ ಏನೋ. ಆದರೆ ಐವತ್ತೊಂದನೆಯ ವಯಸ್ಸಿನಲ್ಲಿ ಮಣಿಪಾಲದಲ್ಲಿ ಐದು ದಿನದ ತರಬೇತಿಗೆ ಹೋಗಿ ಎಂದು ಆದೇಶ ಬಂತು. ಸ್ಟೆಮ್ ಅಂತೆ, ವಿಜ್ಞಾನ ಗಣಿತವನ್ನು ಪ್ರಾಜೆಕ್ಟ್ ಮಾಡಿಸಿ ಕಲಿಸುವುದಂತೆ. ಮಿಕ್ಕವರು ಸರ್ಟಿಫಿಕೇಟಿಗೂ ಮಧ್ಯಾಹ್ನದ ಊಟಕ್ಕೂ ಹೋದರು. ಸೆಲೀನ್ ಟೀಚರ್ ಪಾಪ, ಪಾಠ ಕೇಳಿದರು. ಮಗಳಾಗಬಹುದಾದ ವಯಸ್ಸಿನ ಹುಡುಗಿಯೊಬ್ಬಳು ಮೈಕ್ ಹಿಡಿದು, ‘ಮಕ್ಕಳಿಗೆ ಉತ್ತರ ಕೊಡಬೇಡಿ, ಅವರ ಊರಿನದೇ ಒಂದು ಪ್ರಶ್ನೆ ಹುಡುಕಿಸಿ’ ಎಂದದ್ದು ಅವರ ತಲೆಯೊಳಗೆ ಕೂತುಬಿಟ್ಟಿತು. ಅದನ್ನೇ ಯೋಚಿಸುತ್ತ ಕಟಪಾಡಿಯಲ್ಲಿ ಇಳಿಯುವುದನ್ನು ಮರೆತು ಕಾಪುವರೆಗೆ ಹೋಗಿ, ಇನ್ನೊಂದು ಬಸ್ಸಿನಲ್ಲಿ ಹಿಂದೆ ಬಂದರು.

ಹೆಡ್‌ಮಾಸ್ಟರ್ ದೂಮಪ್ಪನವರು ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ಒರೆಸಿದರು.

‘ಮಾಡಿ ಟೀಚರೇ, ಬೇಡ ಅನ್ನುವುದಿಲ್ಲ. ಆದರೆ ಪೋರ್ಷನ್ ಮುಗೀತದಾ?’

‘ಮುಗಿಸ್ತೇನೆ ಸರ್.’

‘ಹಾಗಾದ್ರೆ ಶುಕ್ರವಾರ ಕೊನೆಯ ಎರಡು ಪೀರಿಯಡ್ ಇಟ್ಕೊಳ್ಳಿ. ಹೇಗೂ ನಮಗೆ ಪಿ.ಟಿ. ಮಾಸ್ಟ್ರು ಇಲ್ಲ.’

ಪ್ರಶ್ನೆ ಹುಡುಕಿದ್ದು ಒಂಬತ್ತನೇ ಕ್ಲಾಸಿನ ಸಾಬಿತ್. ವರ್ಷವಿಡೀ ಬಾಯಿ ಬಿಡದ ಹುಡುಗ ಹಿಂದಿನ ಬೆಂಚಿನಲ್ಲಿ ಎದ್ದು ನಿಂತು, ‘ನಮ್ಮ ಬಾವಿ ನೀರು ಒಳ್ಳೆದುಂಟಾ ಅಂತ ನೋಡ್ಲಿಕ್ಕೆ ಆಗ್ತದಾ ಟೀಚರ್?’ ಎಂದು ಕೇಳಿದ. ಆಗುತ್ತದೆ. ಗುರುತಿನ ಗೆರೆಯವರೆಗೆ ನೀರು ತುಂಬಿಸಿ ಎರಡು ದಿನ ಬೆಚ್ಚಗಿಟ್ಟರೆ, ಹೊಲಸು ಸೇರಿದ ನೀರು ಕಪ್ಪಾಗುವಂಥ ಸಣ್ಣ ಬಾಟಲಿಗಳುಂಟು. ಟೀಚರ್ ಅವನ್ನು ತರಿಸಿದರು. ಮಕ್ಕಳು ಕಡಲಬದಿಯ ನಲವತ್ತೊಂದು ಮನೆ ಹತ್ತಿಳಿದರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡದೆ ಮಾತಿಲ್ಲ. ಹೀಗಾಗಿ ವಿಜ್ಞಾನಿಗಳೆಲ್ಲ ನಲವತ್ತೊಂದು ಬಾವಿಯ ನೀರನ್ನೂ ಮೊದಲು ಕುಡಿದು, ಆಮೇಲೆ ಪರೀಕ್ಷೆಗೆ ತಂದರು! ಯಾರ ಹೊಟ್ಟೆಯೂ ನೋಯಲಿಲ್ಲ.

ಆ ಮೂರು ತಿಂಗಳು ಸೆಲೀನ್ ಟೀಚರ್ ಸುಖವಾಗಿದ್ದರು, ಅದನ್ನು ಹೇಳಲೇಬೇಕು. ಗಣಿತವೆಂದರೆ ಓಡುವವರು ಸರಾಸರಿ ತೆಗೆದರು. ಹಗ್ಗ ಅಳೆದು ಬಾವಿಯ ಆಳ ಬರೆದರು. ಎಲ್ಲರಿಗಿಂತ ಚೆನ್ನಾಗಿ ಬರೆದವಳು ಕಾವ್ಯ. ತಾರೀಕು, ಗಂಟೆ, ಮೋಡವೋ ಬಿಸಿಲೋ, ಒಂದನ್ನೂ ಬಿಡುತ್ತಿರಲಿಲ್ಲ. ತಂದೆ ದೋಣಿಗೆ ಹೋಗಿ ಹಿಂದೆ ಬಾರದ ಮೇಲೆ, ತಾಯಿಯೂ ತೀರಿಕೊಂಡ ಮೇಲೆ, ಅವಳನ್ನು ಸಾಕಿದ್ದು ಅಜ್ಜಿ, ಪಡುಮನೆ ಅಪ್ಪಿ. ಅಪ್ಪಿ ಕೇದಗೆ ಎಲೆಯ ಮೂಡೆ ಕಟ್ಟಿ, ಇಡ್ಲಿ ಹಿಟ್ಟು ಹೊಯ್ದು, ಹಬೆಯಲ್ಲಿ ಬೇಯಿಸಿ ಮದುವೆ ಸೀಮಂತಗಳಿಗೆ ಕೊಡುತ್ತಿದ್ದಳು. ಆ ಮನೆ ನಡೆಯುತ್ತಿದ್ದದ್ದು ಅದರಲ್ಲೇ. ಈ ಹುಡುಗಿಯನ್ನು ಬಿಎಸ್ಸಿವರೆಗಾದರೂ ಓದಿಸಬೇಕು ಎಂದು ಟೀಚರ್ ಮನಸ್ಸಿನಲ್ಲೇ ಹಟ ಹಿಡಿದಿದ್ದರು.

ಒಂದು ಸೋಮವಾರ ಬಾಟಲಿಗಳನ್ನಿಟ್ಟ ಬೀರು ತೆರೆದಾಗ ಆರು ಕಪ್ಪಾಗಿದ್ದವು. ಒಂದು ಪಡುಮನೆಯದ್ದು. ನಾಲ್ಕು ಸೆಂಟ್ಸ್ ಜಾಗದಲ್ಲಿ ಬಾವಿಗೂ ಪಾಯಿಖಾನೆ ಗುಂಡಿಗೂ ಎಷ್ಟು ದೂರ ಇದ್ದೀತು?

ಶಾಲಾ ವಾರ್ಷಿಕೋತ್ಸವಕ್ಕೆ ಚಾರ್ಟ್ ಬರೆಯುವ ದಿನ ಕಾವ್ಯ ಸ್ಕೆಚ್ ಪೆನ್ ಹಿಡಿದು ಟೀಚರ ಪಕ್ಕ ಬಂದು ನಿಂತಳು.

‘ನಮ್ಮ ಮನೆಯದ್ದು ಬರೆಯದಿದ್ರೆ ಆಗ್ತದಾ ಟೀಚರ್?’

‘ವಿಜ್ಞಾನದಲ್ಲಿ ನಮ್ಮದು, ಅವರದ್ದು ಅಂತ ಇಲ್ಲ ಕಾವ್ಯ. ಬಂದದ್ದನ್ನು ಬರೆಯಬೇಕು.’

ಹೇಳಿ ಟೀಚರಿಗೆ ಹೆಮ್ಮೆಯಾಯಿತು. ಇಪ್ಪತ್ತಮೂರು ವರ್ಷದಲ್ಲಿ ಕಲಿಸದ ಒಂದು ಪಾಠ ಕಲಿಸಿದೆ ಎಂದುಕೊಂಡರು. ಕಾವ್ಯ ಮುತ್ತಿನಂಥ ಅಕ್ಷರದಲ್ಲಿ ಬರೆದಳು: ಪಡುಮನೆ, ಅಯೋಗ್ಯ. ಬಾವಿಗಳಿಗೆ ನಂಬರ್ ಕೊಡಬಹುದಿತ್ತು. ಆದರೆ ನಮ್ಮೂರಲ್ಲಿ ಮನೆ ನಂಬರ್ ಹೇಳಿದರೆ ಪೋಸ್ಟ್‌ಮ್ಯಾನಿಗೂ ತಿಳಿಯದು. ಮನೆಯೆಂದರೆ ಮನೆಯ ಹೆಸರು. ಬೇರೆ ರೀತಿ ಬರೆಯಬಹುದೆಂದು ಯಾರಿಗೂ ಹೊಳೆಯಲೇ ಇಲ್ಲ. ನೀರು ಕುದಿಸಿದರೆ ಸಾಕು ಎಂಬ ಮಾತು ಚಾರ್ಟಿನಲ್ಲಿ ಇರಲಿಲ್ಲ. ಪರಿಹಾರ ಎಂಬ ಭಾಗವನ್ನು ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಮಾಡುವುದೆಂದು ಟೀಚರ್ ಇಟ್ಟುಕೊಂಡಿದ್ದರು.

ಬಂದ ಅತಿಥಿಗಳು ಹೊಗಳಿದರು. ಪೋಷಕರು ಮೊಬೈಲಿನಲ್ಲಿ ಫೋಟೋ ತೆಗೆದರು. ಸಂಜೆಯ ನಾಟಕ ಶುರುವಾಗುವ ಮೊದಲೇ ಆ ಫೋಟೋ ಊರಿನ ವಾಟ್ಸ್ಯಾಪ್ ಗ್ರೂಪುಗಳನ್ನೆಲ್ಲ ಸುತ್ತಿತು. ಉಳಿದ ಐದು ಮನೆಯವರು ಎರಡು ದಿನ ಮುಖ ಗಂಟಿಕ್ಕಿ ಸುಮ್ಮನಾದರು. ಅವರ ನೀರನ್ನು ಅವರೇ ಕುಡಿಯುವವರು. ಅಪ್ಪಿಯ ನೀರಿನಲ್ಲಿ ಊರಿನವರ ಅಕ್ಕಿ ನೆನೆಯುತ್ತಿತ್ತು. ಆ ತಿಂಗಳ ಎರಡು ಮದುವೆಯವರು ಮೂಡೆ ಬೇಡ ಎಂದರು. ಮುಂದಿನ ತಿಂಗಳು ಬೇಡ ಎಂದು ಹೇಳಲಿಕ್ಕೂ ಯಾರೂ ಬರಲಿಲ್ಲ.

ಸೆಲೀನ್ ಟೀಚರ್ ಮನೆಮನೆಗೆ ಹೋದರು. ‘ಹಬೆಯಲ್ಲಿ ಒಂದು ಗಂಟೆ ಬೇಯುವಾಗ ಎಂತ ಕ್ರಿಮಿಯೂ ಉಳಿಯುವುದಿಲ್ಲ’ ಎಂದರು. ಎಲ್ಲರೂ ಮರ್ಯಾದೆಯಿಂದ ಕೇಳಿದರು. ‘ಹೌದು ಟೀಚರ್, ನೀವು ಹೇಳುವುದು ಸರಿಯೇ. ಆದರೂ ಒಮ್ಮೆ ಮನಸ್ಸಿಗೆ ಬಂದ ಮೇಲೆ, ಅಲ್ವಾ?’ ಎಂದರು. ಕೊನೆಗೆ ಪಡುಮನೆಗೆ ಹೋದರೆ ಅಪ್ಪಿ ಬೈಯಲಿಲ್ಲ. ಬೈದಿದ್ದರೆ ಟೀಚರಿಗೆ ಅಷ್ಟು ಹಗುರವಾಗುತ್ತಿತ್ತು. ಬೆಲ್ಲದ ತಟ್ಟೆಯ ಪಕ್ಕ ಅಂಗಡಿಯಿಂದ ತಂದ ನೀರಿನ ಬಾಟಲಿ ಇಟ್ಟಳು.

‘ಬಾವಿದೇ ಕೊಡಿ ಅಪ್ಪಿಯಕ್ಕ, ಕುಡೀತೇನೆ.’

‘ಬೇಡ ಟೀಚರ್. ನಿಮಗೆ ಎಂತಾದ್ರೂ ಆದ್ರೆ ಅದನ್ನೂ ಮಕ್ಕಳು ಬರೀಬೇಕಲ್ಲ.’

ಟೀಚರ್ ತಲೆ ತಗ್ಗಿಸಿದರು. ಮರುದಿನ ತಾವೇ ನಿಂತು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದರು. ಹದಿನೈದು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿ ಫಲಿತಾಂಶವನ್ನು ಶಾಲೆಯ ಗೇಟಿನಲ್ಲೇ ಅಂಟಿಸುತ್ತೇನೆ ಎಂದರು.

ಫೆಬ್ರವರಿಯಲ್ಲಿ ಕಾವ್ಯ ಬಾಟಲಿ ತುಂಬಿಸಿ ತಂದಳು. ಎರಡು ದಿನವಾದರೂ ಕಪ್ಪಾಗಲಿಲ್ಲ. ಟೀಚರಿಗೆ ಕಣ್ಣಲ್ಲಿ ನೀರು ಬಂತು. ಆದರೆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದವರು ಹಿಡಿದ ಹಾಗೆಯೇ ನಿಂತರು. ಪಡುಮನೆಯ ಬಾವಿಗೆ ಕೆಂಪು ಕಲ್ಲಿನ ಕೆಸರು ಇಳಿಯುತ್ತದೆ. ಹಿಂದಿನ ಸಲ ತುಂಬಿಸುವಾಗ ತಾವೇ ನೋಡಿದ್ದರು, ಕಾವ್ಯಳೇ ಅದನ್ನು ಪುಸ್ತಕದಲ್ಲಿ ಬರೆದಿದ್ದಳು. ಈ ಬಾಟಲಿಯ ತಳದಲ್ಲಿ ಒಂದು ಚೂರೂ ಕೆಸರಿರಲಿಲ್ಲ.

‘ಇದು ಬಾವಿಯದ್ದಾ ಕಾವ್ಯ?’

ಹುಡುಗಿ ನೆಲ ನೋಡಲಿಲ್ಲ, ಟೀಚರನ್ನೇ ನೋಡಿದಳು.

‘ಅಂಗಡಿಯದ್ದು ಟೀಚರ್. ಬಾವಿದು ಇನ್ನೊಂದು ಬಾಟಲಿಯಲ್ಲಿ ಮನೆಯಲ್ಲೇ ಇಟ್ಟು ನೋಡಿದೆ. ಕಪ್ಪಾಯ್ತು.’

ನೋಟ್‌ಪುಸ್ತಕದಲ್ಲಿ ತಾರೀಕು, ಗಂಟೆ, ಬಿಸಿಲು ಎಲ್ಲ ಅದೇ ಮುತ್ತಿನಂಥ ಅಕ್ಷರದಲ್ಲಿತ್ತು. ಬಾವಿಯ ಹಗ್ಗದ ಅಳತೆಯೂ ಇತ್ತು.

ಸೆಲೀನ್ ಟೀಚರ್ ಪುಸ್ತಕ ಮುಚ್ಚಿದರು. ಆ ಮನೆಯವರು ಈಗ ಕುದಿಸಿಯೇ ಕುಡಿಯುತ್ತಾರೆ, ಮೂಡೆ ಬೇಯುತ್ತದೆ, ಇದರಿಂದ ಯಾರಿಗೂ ಏನೂ ಆಗದು. ಹೀಗೆ ತಮಗೆ ತಾವೇ ನಾಲ್ಕು ಸಲ ಹೇಳಿಕೊಂಡರು. ಆಮೇಲೆ ಹೊಸ ಚಾರ್ಟಿನಲ್ಲಿ ‘ಪಡುಮನೆ, ಯೋಗ್ಯ’ ಎಂದು ಸ್ವಂತ ಕೈಯಲ್ಲಿ ಬರೆದು, ಸಹಿ ಹಾಕಿ, ಗೇಟಿನಲ್ಲಿ ಅಂಟಿಸಿದರು. ಕಾವ್ಯ ಗೋಂದಿನ ಡಬ್ಬಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

ಅದರಿಂದ ಏನಾದರೂ ಆಯಿತೇ ಎಂದರೆ ಏನೂ ಆಗಲಿಲ್ಲ. ಮೊದಲನೆಯ ಚಾರ್ಟ್ ಓದಿದ ಊರು ಎರಡನೆಯದನ್ನು ಓದಲಿಲ್ಲ. ಅದರ ಫೋಟೋ ಯಾರೂ ತೆಗೆಯಲಿಲ್ಲ. ಒಂದು ವಾರದಲ್ಲಿ ಬಿಸಿಲಿಗೆ ಕಾಗದ ಸುಕ್ಕುಗಟ್ಟಿ ಹಾರಿಹೋಯಿತು. ಅಪ್ಪಿ ಕಟಪಾಡಿಯ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದಳು.

ಪ್ರಾಜೆಕ್ಟ್ ಶುಕ್ರವಾರ ಮಾತ್ರ ಚೆನ್ನಾಗಿ ಬೆಳೆಯಿತು. ಮೇಲಿನವರು ಬಂದು ನೋಡಿ, ಇದು ಮಾದರಿ ಎಂದು ಬರೆದು ಹೋದರು. ದೂಮಪ್ಪನವರು ಈಗ ಪೋರ್ಷನಿನ ಸುದ್ದಿ ಎತ್ತುವುದಿಲ್ಲ. ಜೂನಿನಲ್ಲಿ ಶಾಲೆ ತೆರೆದಾಗ ಅಂಗಳದ ಮೂಲೆಯಲ್ಲಿ ಮಳೆ ಅಳೆಯುವ ಡಬ್ಬಿ ನೆಟ್ಟರು. ಹತ್ತನೇ ಕ್ಲಾಸಿನ ಕಾವ್ಯಳೇ ಲೀಡರ್. ಈ ವರ್ಷ ಮಳೆ ಕಡಿಮೆ. ಗ್ರಾಫಿನಲ್ಲಿ ಒಳ್ಳೆಯ ಏರಿಳಿತ ಕಾಣಬೇಕು ಎಂದು ಟೀಚರ್ ಒಮ್ಮೆ ಮಾತಿಗೆ ಹೇಳಿದ್ದರು.

ಮೊದಲ ಶುಕ್ರವಾರ ಕಾವ್ಯ ಕೊಡೆ ಹಿಡಿದು ಹೋಗಿ, ಬಗ್ಗಿ ನೋಡಿ, ಒಳಗೆ ಬಂದು ಪುಸ್ತಕ ಬಿಚ್ಚಿದಳು.

‘ಹದಿನೆಂಟು ಮಿಲಿಮೀಟರ್ ಉಂಟು ಟೀಚರ್,’ ಎಂದಳು. ‘ಬಂದದ್ದನ್ನು ಬರೆಯಲಾ, ಬೇಕಾದದ್ದನ್ನು ಬರೆಯಲಾ?’

ಕುಹಕ ಅವಳ ದನಿಯಲ್ಲಿ ಎಳ್ಳಷ್ಟೂ ಇರಲಿಲ್ಲ. ಟೀಚರ್ ಹೇಳಿದಂತೆ ಮಾಡುವ ಹುಡುಗಿ ಪೆನ್ನಿನ ಮುಚ್ಚಳ ತೆಗೆದು, ಉತ್ತರಕ್ಕಾಗಿ ಕಾದು ನಿಂತಿದ್ದಳು.