ದೊಡ್ಡಮ್ಮನ ಕತ್ತರಿ

ನಮ್ಮ ದೊಡ್ಡಮ್ಮ ಅಂಗೈಯಗಲ ಬಟ್ಟೆ ಕತ್ತರಿಸಿದಳು ಅಂದರೆ ವ್ಯಾಪಾರ ಆಯಿತು ಅಂತಲೇ ಅರ್ಥ. ಕಾಗದವಿಲ್ಲ, ಸಹಿಯಿಲ್ಲ, ಸಾಕ್ಷಿಯಿಲ್ಲ. ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದಕ್ಕೆ ಇಪ್ಪತ್ತೆರಡು ವರ್ಷ ಬಟ್ಟೆ ಕೊಂಡವಳು ಅವಳೇ, ನನ್ನ ಅಮ್ಮನ ಅಕ್ಕ. ನಾನೂ ಅಲ್ಲೇ ಇಸ್ತ್ರಿ ಮೇಜಿನ ಹಿಂದೆ ನಿಲ್ಲುವವಳು, ಆದ್ದರಿಂದ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬೇರೆಯವರು ಉಪ್ಪು ಖಾರ ಹಚ್ಚಿ ಹೇಳುತ್ತಾರೆ, ನಂಬಬೇಡಿ.

ಅವಳು ಬಟ್ಟೆ ನೋಡುವ ಚೆಂದವೇ ಬೇರೆ. ಬಾಗಿಲಿಗೆ ತಂದು ಬೆಳಕಿಗೆ ಹಿಡಿಯುವಳು. ಹೆಬ್ಬೆರಳು ಒದ್ದೆ ಮಾಡಿ ಉಜ್ಜುವಳು, ಬಣ್ಣ ಬಿಡುತ್ತದೋ ಏನೋ ಎಂದು. ಕೊನೆಗೆ ಅಂಚನ್ನು ಮೂಸುವಳು. "ಮೂಸೋದ್ಯಾಕೆ ದೊಡ್ಡಮ್ಮ, ತಿಂತೀಯಾ?" ಅಂತ ನಾನು ರೇಗಿಸುತ್ತಿದ್ದೆ. "ನಿನ್ನ ಅಡುಗೆಗಿಂತ ವಾಸಿ ಬಿಡೆ" ಅನ್ನುವಳು. ಒಪ್ಪಿಗೆಯಾದರೆ ಮೂಲೆಯಿಂದ ಒಂದು ತುಂಡು ಕತ್ತರಿಸಿ, ಅದನ್ನು ಮತ್ತೆ ಅಂಕುಡೊಂಕಾಗಿ ಎರಡು ಮಾಡಿ, ಒಂದರ್ಧ ಮಾರುವವರ ಕೈಗೆ ಕೊಟ್ಟು ಇನ್ನರ್ಧ ಚೀಲಕ್ಕೆ ಹಾಕಿಕೊಳ್ಳುವಳು. ಮಾಲು ಬಂದ ದಿನ ಎರಡನ್ನೂ ಕೂಡಿಸಿ ನೋಡುವುದು. ಇದನ್ನು ಕಲಿಸಿದವರು ಹಳೆಯ ಯಜಮಾನರು. ಅವಳು ಕೆಲಸಕ್ಕೆ ಸೇರಿದ ವಾರವೇ ಅವಳನ್ನು ಜೊತೆಗೆ ಕರೆದುಕೊಂಡು ಬಟ್ಟೆಯವರ ಬೀದಿಯೆಲ್ಲ ಸುತ್ತಿ, "ಇವರು ಕತ್ತರಿಸಿದ್ರೆ ನಾನೇ ಕತ್ತರಿಸಿದ ಹಾಗೆ" ಎಂದು ಬಾಗಿಲು ಬಾಗಿಲಿಗೂ ಹೇಳಿ ಬಂದಿದ್ದರು.

ಆಮೇಲೆ ಯಜಮಾನರ ಕಣ್ಣು ಮಂಜಾಯಿತು. ಅವರ ಕುರ್ಚಿಗೆ ಸೊಸೆ ಬಂದರು. ಕೆಟ್ಟವರೇನಲ್ಲ, ಸುಮ್ಮನೆ ದೂರಬಾರದು. ಆದರೆ ಎಲ್ಲವೂ ತಮ್ಮ ಕಣ್ಣಮುಂದೆಯೇ ಆಗಬೇಕು ಅನ್ನುವ ಜಾತಿ. ಬಂದ ಎರಡನೆಯ ದಿನವೇ ದೊಡ್ಡಮ್ಮನನ್ನು ಕರೆದು ಹೇಳಿದರು.

"ಅಕ್ಕ, ಇನ್ಮೇಲೆ ನನ್ನ ಸಹಿ ಇಲ್ದೆ ಯಾವ ಬಟ್ಟೇನೂ ಗೊತ್ತು ಮಾಡಬೇಡಿ. ನೀವು ನೋಡ್ಕೊಂಡು ಬನ್ನಿ, ತೀರ್ಮಾನ ನಾನು ಮಾಡ್ತೀನಿ."

"ಆಯ್ತಮ್ಮ" ಅಂದಳು ದೊಡ್ಡಮ್ಮ.

ಮಾತು ಆ ಕೋಣೆಯೊಳಗೇ ಉಳಿಯಿತು. ಬಟ್ಟೆಯವರಿಗೆ ಎರಡು ಸಾಲಿನ ಕಾಗದ ಹಾಕಬೇಕೆಂದು ಸೊಸೆಗೆ ಹೊಳೆಯಲಿಲ್ಲ. ದೊಡ್ಡಮ್ಮನೂ ಯಾರ ಮುಂದೆಯೂ ಬಾಯಿಬಿಡಲಿಲ್ಲ. ತಾನು ಹೋದರೆ ಎದ್ದು ನಿಂತು ಕುರ್ಚಿ ಕೊಡುವ ಜನ. ಅವರ ಮುಂದೆ 'ನಾನೀಗ ಬರೀ ನೋಡಿ ಹೋಗುವವಳು' ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಕತ್ತರಿ ಚೀಲದಲ್ಲೇ ಇತ್ತು.

ಆಗ ಆಸ್ಪತ್ರೆಯೊಂದರಿಂದ ವಿಚಾರಣೆ ಬಂತು: ದಾದಿಯರ ಬಿಳಿ ಉಡುಪಿನ ಬದಲು ಬೂದುಬಣ್ಣ ಬೆರೆತ ಹಸಿರು ಸಿಗುತ್ತದೆಯೇ? ದೊಡ್ಡಮ್ಮ ಬಣ್ಣದ ಮೇಸ್ತ್ರಿಯ ಹತ್ತಿರ ಹೋದಳು. ಮೇಸ್ತ್ರಿಯದು ತಗಡಿನ ಸೂರು, ನಾಲ್ಕು ತೊಟ್ಟಿ, ಮೊಣಕೈವರೆಗೆ ಎಂದೂ ಅಳಿಸಿಹೋಗದ ಬಣ್ಣ. ನಾಲ್ಕು ಸಲ ಮಾದರಿ ಮಾಡಿದರು, ನಾಲ್ಕು ಸಲವೂ ದೊಡ್ಡಮ್ಮ ಬೇಡವೆಂದು ತಲೆಯಾಡಿಸಿದಳು. ಐದನೆಯ ಸಲ ಬಾಗಿಲಲ್ಲಿ ಹಿಡಿದು ನೋಡಿದವಳೇ, "ಬಂತಲ್ಲ ಮೇಸ್ತ್ರಿ! ಇದೇ ನೋಡಿ!" ಎಂದು ಕುಣಿದುಬಿಟ್ಟಳಂತೆ. ಅದೇ ಖುಷಿಯಲ್ಲಿ ಕೈ ಚೀಲಕ್ಕೆ ಹೋಯಿತು. ಎಂಟುನೂರು ಮೀಟರಿನ ಮಾತಾಡಿ, ತುಂಡು ಎರಡು ಮಾಡಿ, ಅರ್ಧ ಮೇಸ್ತ್ರಿಯ ಕೈಗಿಟ್ಟಳು.

ಬೀದಿ ತಿರುವಿಗೆ ಬಂದಾಗ ಮಾಡಿದ್ದೇನೆಂದು ಅರಿವಾಯಿತು. ಬಸ್ಸಿಗೆ ನಿಂತು ಎರಡು ಬಸ್ಸು ಬಿಟ್ಟಳು. ವಾಪಸ್ ಹೋಗಿ 'ಕೊಡಿ ಅದನ್ನ' ಎನ್ನಲು ಮುಖವಿಲ್ಲ. ಬೆಳಿಗ್ಗೆ ಹೇಗೂ ಸಹಿ ಸಿಗುತ್ತದೆ, ಯಾರಿಗೇನು ನಷ್ಟ ಅಂದುಕೊಂಡು ಮನೆಗೆ ಬಂದಳು. ಬೆಳಿಗ್ಗೆ ಆಸ್ಪತ್ರೆಯವರು ಬಿಳಿಯೇ ಇರಲಿ ಎಂದು ಹೇಳಿಕಳಿಸಿದರು. ದೊಡ್ಡಮ್ಮ ಎದ್ದೆನೋ ಬಿದ್ದೆನೋ ಎಂದು ಮೇಸ್ತ್ರಿಯ ಸೂರಿಗೆ ಓಡಿದಳು. ಇನ್ನೊಬ್ಬರ ಕೆಲಸ ವಾಪಸ್ ಕಳಿಸಿ ರಾತ್ರಿಯಿಡೀ ನಾಲ್ಕು ತೊಟ್ಟಿಯನ್ನೂ ನಮಗೇ ಕೊಟ್ಟಿದ್ದರು ಆ ಮನುಷ್ಯ. ಹಗ್ಗದ ಮೇಲೆ ಸಾಲುಸಾಲಾಗಿ ಹಸಿರು ಒಣಗುತ್ತಿತ್ತು. ಅಲ್ಲಿಂದಲೇ ತಿರುಗಿ ಬಂದು ಸೊಸೆಯ ಮುಂದೆ ಎಲ್ಲ ಒಪ್ಪಿಕೊಂಡಳು.

ಸೊಸೆ ವಕೀಲರನ್ನು ಕಾರ್ಖಾನೆಗೇ ಕರೆಸಿದರು. "ಬೇಡ ಅಂತ ಈಕೆಗೆ ಬಾಯಿಬಿಟ್ಟು ಹೇಳಿದ್ದೆ. ಮೀರಿ ನಡೆದ್ರೆ ಅದು ನನ್ನ ತಲೆಗೆ ಹೇಗೆ ಬರುತ್ತೆ?"

ವಕೀಲರು ವಯಸ್ಸಾದವರು, ನಿಧಾನ. "ನೀವು ಹೇಳಿದ್ದು ನಿಮ್ಮಿಬ್ಬರ ಮಧ್ಯೆ ಅಮ್ಮ. ಮೇಸ್ತ್ರಿಗೆ ಏನು ಕಾಣಿಸ್ತು? ಇಪ್ಪತ್ತೆರಡು ವರ್ಷದಿಂದ ನಿಮ್ಮ ಪರವಾಗಿ ಕತ್ತರಿಸ್ತಿದ್ದ ಅದೇ ಕೈ. ಅಧಿಕಾರ ಕೊಟ್ಟಿದ್ದನ್ನ ಬೀದಿಗೆಲ್ಲ ಹೇಳಿ, ಕಿತ್ಕೊಂಡಿದ್ದನ್ನ ಕೋಣೇಲಿ ಹೇಳಿದ್ರೆ ಹೇಗೆ? ಬಟ್ಟೆ ನೀವೇ ತಗೋಬೇಕು. ಆಕೆ ನಿಮ್ಮ ಮಾತು ಮೀರಿದ್ದು ಬೇರೆ ವಿಷಯ, ಅದಕ್ಕೆ ಆಕೆ ನಿಮಗೆ ಉತ್ತರ ಕೊಡಬೇಕು."

"ಬೇರೆ ದಾರೀನೇ ಇಲ್ವಾ?"

"ಸಹಿ ಬೇಕು ಅನ್ನೋದು ಮೇಸ್ತ್ರಿಗೆ ಮೊದಲೇ ಗೊತ್ತಿತ್ತು ಅಂತಾದ್ರೆ ನೀವು ಪಾರು. ಗೊತ್ತಿದ್ದೂ ಬಣ್ಣ ಹಾಕಿದ್ರೆ ಅದು ಅವರ ಹಣೆಬರಹ."

ವಕೀಲರು ಹೋದ ಮೇಲೆ ಸೊಸೆ ನನ್ನ ಇಸ್ತ್ರಿ ಮೇಜಿನ ಹತ್ತಿರವೇ ದೊಡ್ಡಮ್ಮನನ್ನು ನಿಲ್ಲಿಸಿಕೊಂಡರು. ದನಿ ಮೆತ್ತಗಿತ್ತು. "ಅಕ್ಕ, ನಾಳೆ ಮೇಸ್ತ್ರಿ ಬರ್ತಾರೆ. ಸಹಿ ವಿಷಯ ಅವರಿಗೆ ಹೇಳಿದ್ದೆ ಅಂತ ಒಂದು ಮಾತು ಹೇಳಿ. ನಡೆದಿದ್ದನ್ನ ನಾನೂ ಮರೀತೀನಿ. ನಿಮ್ಮ ಕೆಲಸ ನಿಮಗೆ."

ಹೇಳಿದರೆ ಕೆಲಸ ಉಳಿಯಿತು, ಹೇಳದಿದ್ದರೆ ಹೋಯಿತು. ಮನೆಗೆ ಹೋಗುವ ದಾರಿಯಲ್ಲಿ ನಾನೇ ಅವಳ ಬೆನ್ನು ಹತ್ತಿದೆ. "ಹೇಳ್ಬಿಡು ದೊಡ್ಡಮ್ಮ. ಅನ್ನ ಹಾಕೋರು ಇವರು, ಮೇಸ್ತ್ರಿ ಅಲ್ಲ. ಐವತ್ತೆಂಟಕ್ಕೆ ಇನ್ಯಾರು ಕೆಲಸ ಕೊಡ್ತಾರೆ?" ಹೌದು, ನಾನೇ ಅಂದೆ. ನನ್ನ ಇಸ್ತ್ರಿ ಮೇಜಿನ ಚಿಂತೆಯೂ ಅದರಲ್ಲಿತ್ತು, ಸುಳ್ಳೇಕೆ ಹೇಳಲಿ. ಅವಳು ಚೀಲ ಬಗಲಿಗೇರಿಸಿ ಮುಂದೆ ನಡೆದಳು.

ಮರುದಿನ ಮೇಸ್ತ್ರಿ ಬಂದರು. ಬಣ್ಣದ ಕೈಯಲ್ಲಿ ಆ ಅರ್ಧ ತುಂಡು. ಮೇಜಿನ ಮೇಲೆ ಇಟ್ಟು, ಕೂರದೆ ನಿಂತರು. ಸೊಸೆ ಕೇಳಿದರು: "ಅಕ್ಕ, ಸಹಿ ಬೇಕು ಅಂತ ಇವರಿಗೆ ಹೇಳಿದ್ರಿ ತಾನೆ?"

ಮೇಸ್ತ್ರಿ ಗಾಬರಿಯಾಗಿ ದೊಡ್ಡಮ್ಮನ ಮುಖ ನೋಡಿದರು.

"ಇಲ್ಲಮ್ಮ, ಹೇಳಿಲ್ಲ" ಅಂದಳು ದೊಡ್ಡಮ್ಮ. "ಹೇಳಬೇಕಿತ್ತು. ಹೇಳೋಕೆ ನಾಚಿಕೆ ಆಯ್ತು. ನನ್ನ ನಾಚಿಕೆಗೆ ಇವರ ತೊಟ್ಟಿ ಮುಳುಗಬಾರದು." ಚೀಲದಿಂದ ತನ್ನ ಅರ್ಧ ತೆಗೆದು ಮೇಸ್ತ್ರಿಯ ಅರ್ಧಕ್ಕೆ ಕೂಡಿಸಿಟ್ಟಳು. ಅಂಚಿಗೆ ಅಂಚು ಕೂತಿತು.

ಸೊಸೆ ಬಟ್ಟೆ ತೆಗೆದುಕೊಂಡರು. ದೊಡ್ಡಮ್ಮನಿಗೆ ನಾಳೆಯಿಂದ ಬರಬೇಡಿ ಎಂದರು. ಬೈಯಲಿಲ್ಲ, ಅದೇ ನನಗೆ ಹೆಚ್ಚು ಉರಿಯಿತು. ನನ್ನನ್ನು ಮಾತ್ರ ಇಟ್ಟುಕೊಂಡರು, ನಾನೂ ಬಾಯಿ ಮುಚ್ಚಿಕೊಂಡು ಇದ್ದೇನೆ.

ಮರುದಿನ ಅವಳು ಸುಮ್ಮನೆ ಮನೆಯಲ್ಲಿ ಕೂತಳೇ? ಎಲ್ಲಿ! ಬಟ್ಟೆಯವರ ಬೀದಿಗೆ ಹೋಗಿ, ಯಜಮಾನರು ಅಂದು ನಿಂತ ಒಂದೊಂದು ಬಾಗಿಲಲ್ಲೂ ನಿಂತು, "ಇನ್ಮೇಲೆ ನಾನು ಅವರ ಪರವಾಗಿ ಬರಲ್ಲ, ನನ್ನ ಮಾತು ನಂಬಿ ಮಾಲು ಕೊಡಬೇಡಿ" ಎಂದು ಹೇಳಿ ಬಂದಳು. ಕೊನೆಗೆ ಮೇಸ್ತ್ರಿಯ ಸೂರು. ಅವರು ರೂಢಿಬಲದಿಂದ ಹೊಸ ನೀಲಿಯೊಂದನ್ನು ಮುಂದೆ ಚಾಚಿದರಂತೆ. ಇವಳು ಬೆಳಕಿಗೆ ಹಿಡಿದು, ಉಜ್ಜಿ, ಮೂಸಿ, "ಚೆನ್ನಾಗಿದೆ ಮೇಸ್ತ್ರಿ" ಎಂದು ಇಡಿಯಾಗಿ ಮಡಚಿ ವಾಪಸ್ ಕೊಟ್ಟಳಂತೆ.

ಸಂಜೆ ಅವಳ ಮನೆಗೆ ಹೋದಾಗ ಬಾಗಿಲಲ್ಲಿ ಕೂತು ಕುಪ್ಪಸಕ್ಕೆ ಗುಂಡಿ ಹಾಕುತ್ತಿದ್ದಳು. ದಾರವನ್ನು ಹಲ್ಲಿನಿಂದ ಕಡಿಯಲು ಒದ್ದಾಡುತ್ತಿದ್ದಳು.

"ಕತ್ತರಿ ಎಲ್ಲಿ ದೊಡ್ಡಮ್ಮ?"

"ಅದು ಕಾರ್ಖಾನೇದಲ್ವೇನೆ. ಮೇಜಿನ ಮೇಲೆ ಇಟ್ಟು ಬಂದೆ."

ಮನೆಯೆಲ್ಲ ಹುಡುಕಿದೆ. ಅವಳದು ಅಂತ ಒಂದು ಕತ್ತರಿ ಇರಲಿಲ್ಲ.