ನೆಂಟರು ಇರುವಾಗ ಚೆಂಡೆ ಹಾಕಬಾರದು

ನನ್ನ ತಂಗಿಗೆ ಮಿಕ್ಸಿಯ ಸದ್ದು ಆಗುವುದಿಲ್ಲ. ಕುಕ್ಕರಿನ ಸೀಟಿಯೂ ಆಗುವುದಿಲ್ಲ. ಕಾಪುವಿನ ನಮ್ಮ ಮನೆಯಲ್ಲಿ ತೆಂಗಿನಕಾಯಿ ಅರೆಯಬೇಕಾದರೆ ಮೊದಲು ಅವಳಿಗೆ ಹೇಳಬೇಕು, ಅವಳು ಹಿತ್ತಲಿಗೆ ಹೋಗಿ ನಿಂತ ಮೇಲೆಯೇ ಸ್ವಿಚ್ ಒತ್ತಬೇಕು. ಇಂಥವಳಿಗೆ ಜಗತ್ತಿನಲ್ಲಿ ಇಷ್ಟವಾದ ಸಂಗೀತ ಯಾವುದೆಂದರೆ ಊರಿಗೆಲ್ಲ ಕೇಳುವ ಯಕ್ಷಗಾನದ ಚೆಂಡೆ. ಕೇಳಿದವರು ನಗುತ್ತಾರೆ. ಮೊದಮೊದಲು ನಾವೂ ನಕ್ಕಿದ್ದೆವು.

ಪಕ್ಕದ ಮನೆಯವರು ಮೇಳದಲ್ಲಿ ಚೆಂಡೆ ಬಾರಿಸುವವರು. ತಂಗಿಗೆ ಒಂಬತ್ತು ವರ್ಷವಿದ್ದಾಗ ಒಂದು ಮಧ್ಯಾಹ್ನ ಅವರು ಅಂಗಳದಲ್ಲಿ ಅಭ್ಯಾಸಕ್ಕೆ ಕುಳಿತರು. ಇನ್ನು ಇವಳು ಊರು ಒಂದು ಮಾಡುತ್ತಾಳೆಂದು ನಮ್ಮ ತಾಯಿ, ಅಂದರೆ ಉಮ್ಮ, ಓಡಿಹೋಗಿ ಅವಳ ಕಿವಿ ಮುಚ್ಚಿದರು. ಅವಳು ಉಮ್ಮನ ಕೈಯನ್ನು ತಳ್ಳಿ, ಬೇಲಿಯ ಹತ್ತಿರ ಹೋಗಿ, ಅವರು ಚೆಂಡೆ ಕೆಳಗಿಡುವವರೆಗೂ ಕದಲದೆ ನಿಂತಳು. ಮುಂದೆ ಉಮ್ಮನ ಕೈಗೆ ಮೊಬೈಲು ಬಂದಾಗ ಆ ಚೆಂಡೆಯವರೇ ಆರು ನಿಮಿಷದ ಒಂದು ರೆಕಾರ್ಡಿಂಗು ಹಾಕಿಕೊಟ್ಟರು.

ಈಗ ಅವಳಿಗೆ ಇಪ್ಪತ್ತಾರು. ಇವತ್ತಿಗೂ ಅದೇ ಆರು ನಿಮಿಷ. ಸರಿಯಾಗಿ ಹೇಳಬೇಕೆಂದರೆ ಆರೂ ಅಲ್ಲ, ನಾಲ್ಕು. ನಾಲ್ಕನೇ ನಿಮಿಷಕ್ಕೆ ಹಾಡುವ ಭಾಗವತರ ದನಿ ಶುರುವಾಗುತ್ತದೆ. ಅದು ಅವಳಿಗೆ ಬೇಡ. ದನಿ ಬರುವ ಮೊದಲೇ ಬೆರಳು ಸಿದ್ಧವಾಗಿರುತ್ತದೆ, ಮತ್ತೆ ಮೊದಲಿನಿಂದ. ಹಣೆಯನ್ನು ಕಿಟಕಿಯ ಸರಳಿಗೆ ಒತ್ತಿಕೊಂಡೇ ಕೇಳಬೇಕು. ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಬೇರೆ ಬೇರೆ ಚೆಂಡೆಯ ರೆಕಾರ್ಡಿಂಗುಗಳನ್ನು ಹುಡುಕಿಕೊಟ್ಟಿದ್ದೆ. ಒಂದನ್ನೂ ಪೂರ್ತಿ ಕೇಳದೆ ಮೊಬೈಲು ಹಿಂದೆ ಕೊಟ್ಟು, "ಹಳೆಯದು ಇನ್ನೂ ಮುಗಿಯಲಿಲ್ಲ ಅಲ್ವಾ?" ಎಂದಳು.

ಅವಳದು ಆಟಿಸಂ ಎಂದು ಮಣಿಪಾಲದ ಡಾಕ್ಟರು ಹೇಳಿದ ಮೇಲೆ ಕೆಲವು ವರ್ಷ ನಾನೇ ಅವಳನ್ನು ಉಡುಪಿಯ ಒಬ್ಬ ಶಿಕ್ಷಕಿಯ ಬಳಿ ಕರೆದುಕೊಂಡು ಹೋಗುತ್ತಿದ್ದೆ. ನಿಯಮಗಳನ್ನು ಬಾಯಲ್ಲಿ ಹೇಳುವುದಕ್ಕಿಂತ ಚೀಟಿಯಲ್ಲಿ ಬರೆದು ಅಂಟಿಸಿದರೆ ಅವಳಿಗೆ ಸಮಾಧಾನ ಎಂದು ತೋರಿಸಿಕೊಟ್ಟವರು ಅವರು. ಮನೆಯಲ್ಲಿ ನಾವು ಆಡುವುದು ಕರಾವಳಿಯ ಮುಸ್ಲಿಮರ ಬ್ಯಾರಿ ಭಾಷೆ, ಆದರೆ ಅವಳು ಶಾಲೆಯಲ್ಲಿ ಕಲಿತ ಅಕ್ಷರ ಕನ್ನಡದ್ದು. ಹಾಗಾಗಿ ಕಪಾಟಿನ ಬಾಗಿಲ ತುಂಬ ನನ್ನ ಕೈಬರಹದ ಕನ್ನಡ ಚೀಟಿಗಳು. ಶಿಕ್ಷಕಿ ಇನ್ನೊಂದು ಮಾತನ್ನೂ ಹೇಳಿದ್ದರು: ನಿಯಮ ಬರೆದರೆ ಸಾಲದು, ಅದು ಯಾವಾಗ ಮುಗಿಯುತ್ತದೆ ಎಂಬುದನ್ನೂ ಬರೆಯಬೇಕು. ಮುಂದೆ ಚೆಂಡೆಯ ಚೀಟಿ ಬರೆಯುವಾಗಲೂ ನನಗೆ ಅದು ನೆನಪಿತ್ತು. ಮರೆತಿದ್ದೆ ಎಂದು ಹೇಳಿಕೊಳ್ಳಲು ಬಹಳ ಸಲ ನೋಡಿದ್ದೇನೆ, ಆದರೆ ನೆನಪಿತ್ತು.

ನನ್ನನ್ನು ನೋಡಲು ಕಾರ್ಕಳದಿಂದ ಹುಡುಗನ ತಾಯಿ ಮತ್ತು ಅಕ್ಕ ಬರುವವರಿದ್ದರು. ಹಿಂದಿನ ದಿನ ನಾನು ಬರೆದು ಅಂಟಿಸಿದೆ: "ನೆಂಟರು ಮನೆಯಲ್ಲಿ ಇರುವಾಗ ಚೆಂಡೆ ಹಾಕಬಾರದು." ನಮ್ಮಂಥ ಮನೆಯಲ್ಲಿ ಚೆಂಡೆಯ ಸದ್ದು ಕೇಳಿದರೆ ಅವರು ಏನೆಂದುಕೊಳ್ಳುತ್ತಾರೋ ಎಂದು ಉಮ್ಮನಿಗೆ ಕಾರಣ ಕೊಟ್ಟೆ. ಉಮ್ಮ ಚೀಟಿಯನ್ನು ನೋಡಿದರು, ನನ್ನನ್ನು ನೋಡಿದರು, ಗೋಳಿಬಜೆಯ ಹಿಟ್ಟು ಕಲಸಲು ಹೋದರು.

ಬಂದವರು ಎರಡು ಗಂಟೆ ಕುಳಿತರು. ಒಳಗಿನ ಕೋಣೆಯಿಂದ ಒಂದು ಸದ್ದೂ ಇಲ್ಲ. ಅವರು ಒಪ್ಪಿಗೆ ಸೂಚಿಸಿ ಹೊರಟ ಮೇಲೆ ಒಳಗೆ ಹೋಗಿ ನೋಡಿದರೆ, ತಂಗಿ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಬಲಗೈಯ ಹಿಂಭಾಗದಲ್ಲಿ ಹಲ್ಲಿನ ಗುರುತು ಕೆಂಪಗೆ ಮೂಡಿತ್ತು. "ಹೋದರಾ?" ಎಂದು ಕೇಳಿದಳು. "ಹೋದರು" ಎಂದೆ. ಆಗ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಗಂಡಿನ ಕಡೆಯವರು ಒಪ್ಪಿದ ಖುಷಿಯಲ್ಲಿ ಆ ಕೈಗೆ ಒಂದಿಷ್ಟು ತೆಂಗಿನೆಣ್ಣೆ ಹಚ್ಚಿ ಬಂದುಬಿಟ್ಟೆ.

ಮದುವೆಯಾಗಿ ಕಾರ್ಕಳಕ್ಕೆ ಹೋದೆ. ಮೊದಲ ಸಲ ಗಂಡನ ಜೊತೆ ತವರಿಗೆ ಬಂದ ದಿನ, ಗೇಟು ತೆರೆಯುವಾಗ ಕೇಳುತ್ತಿದ್ದ ಚೆಂಡೆ ನಾನು ಮೆಟ್ಟಿಲು ಹತ್ತುವಾಗ ನಿಂತಿತು. ನಾನು ಒಳಗೆ ಹೋಗಿ, "ಹಾಕು ಮಾರಾಯ್ತಿ, ನಾನೇ ಬಂದದ್ದು" ಎಂದೆ.

"ನೆಂಟರು ಇದ್ದಾರೆ" ಎಂದಳು.

"ಯಾರು ನೆಂಟರು? ನಿನ್ನ ಭಾವನಾ? ಅವರಿಗೆ ಎಂತ ತೊಂದರೆ ಇಲ್ಲ."

"ನೀನೂ ನೆಂಟರು. ಉಮ್ಮ ಶೋಕೇಸಿನ ಪ್ಲೇಟು ತೆಗೆದಿದ್ದಾರೆ. ಬ್ಯಾಗು ಉಂಟು. ನಾಳೆ ಹೋಗ್ತೀ."

ಅವಳ ಲೆಕ್ಕ ಸರಿಯಾಗಿತ್ತು. ಸಿಟ್ಟು ಬಂತು. ಅವಳ ಮೇಲಲ್ಲ, ಆದರೆ ತೋರಿಸಿದ್ದು ಅವಳ ಎದುರೇ. ಕಪಾಟಿನಿಂದ ಆ ಚೀಟಿಯನ್ನು ಕಿತ್ತು ಹರಿದು ಹಾಕಿ, "ಇಗೋ, ಮುಗಿಯಿತು, ಇನ್ನು ಈ ನಿಯಮ ಇಲ್ಲ" ಎಂದೆ. ಅಂಟಿಸಿದ ಚೀಟಿಯನ್ನು ಹಾಗೆ ಹರಿಯುವುದು ಅವಳ ಪಾಲಿಗೆ ಎಂಥದ್ದೆಂದು ಗೊತ್ತಿದ್ದೂ ಹರಿದೆ. ಅವಳು ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಅದೇ ಜಾಗದಲ್ಲಿ ಹೊಸ ಚೀಟಿ ಇತ್ತು. ಅದೇ ವಾಕ್ಯ, ಈ ಸಲ ಅವಳದೇ ದಪ್ಪ ಅಕ್ಷರದಲ್ಲಿ.

ಅನಂತರ ಒಮ್ಮೆ ನನ್ನ ಅತ್ತೆ ನನ್ನ ಜೊತೆ ಕಾಪುವಿಗೆ ಬಂದರು. ತಂಗಿ ಹೀಗೆ ಉಸಿರು ಬಿಗಿಹಿಡಿದು ಕುಳಿತಿರುವುದು ಯಾಕೆಂದು ಕೇಳಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಎಲ್ಲವನ್ನೂ ಹೇಳಿದೆ.

"ಇಷ್ಟೇಯಾ? ನಮ್ಮ ಮನೆಯ ಹಿಂದಿನ ಗದ್ದೆಯಲ್ಲಿ ವರ್ಷಕ್ಕೆ ಎರಡು ಆಟ ಆಗ್ತದೆ ಮಗಳೇ. ಚೆಂಡೆ ಕೇಳಿಕೊಂಡೇ ನಾನು ಮಕ್ಕಳನ್ನು ಸಾಕಿದ್ದು" ಎಂದು ಅತ್ತೆ ನಕ್ಕರು. ನಮ್ಮ ಕಡೆ ಆಟವೆಂದರೆ ಯಕ್ಷಗಾನ. ನಕ್ಕು ಮುಗಿಸಿ, "ಚೆಂಡೆ ಮುಚ್ಚಿಟ್ಟದ್ದಾ, ಇವಳನ್ನಾ?" ಎಂದು ಮೆಲ್ಲಗೆ ಕೇಳಿದರು. ನಾನು ಚಹಾದ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅಲ್ಲಿ ನಿಂತು ಅತ್ತುಬಿಟ್ಟೆ. ಹೌದು, ಅವಳನ್ನೇ. ಅದೇ ನಾಲ್ಕು ನಿಮಿಷವನ್ನು ಇಡೀ ದಿನ ಕೇಳುವ ತಂಗಿಯೊಬ್ಬಳು ಇದ್ದಾಳೆಂದು ತಿಳಿದರೆ ಸಂಬಂಧ ತಪ್ಪೀತೆಂದು ಹೆದರಿದ್ದೆ.

ಆಮೇಲೆ ಶಿಕ್ಷಕಿಯನ್ನೂ ಕೇಳಿ ನೋಡಿದೆ. ಚೀಟಿ ಈಗ ಅವಳದು, ಅವಳಾಗಿ ತೆಗೆಯಬೇಕು, ಆತುರ ಬೇಡ ಎಂದರು. ನಾನಿಲ್ಲದ ದಿನ ಅವಳು ಆರಾಮವಾಗಿ ಕೇಳುತ್ತಾಳೆ ಎಂದು ಉಮ್ಮ ಫೋನಿನಲ್ಲಿ ಹೇಳುತ್ತಾರೆ. ನನಗೆ ಸಮಾಧಾನವಾಗಲಿ ಎಂದೇ ಅವರು ಹೇಳುವುದು.

ಹೋದ ವಾರ ತವರಿಗೆ ಹೋಗಿದ್ದೆ. ಎರಡು ದಿನ ಇದ್ದು ಬರೋಣವೆಂದು ಬಟ್ಟೆಯನ್ನೂ ತುಂಬಿಕೊಂಡಿದ್ದೆ. ಚಪ್ಪಲಿ ಬಿಡುವಷ್ಟರಲ್ಲಿ ತಂಗಿ ಮೊಬೈಲು ಹಿಡಿದುಕೊಂಡು ಬಾಗಿಲಿಗೆ ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ.

"ಯಾವಾಗ ಹೋಗ್ತೀ?" ಎಂದು ಕೇಳಿದಳು.

"ಊಟ ಮಾಡಿ ಹೋಗ್ತೇನೆ" ಎಂದೆ.

ಅವಳು ಗೋಡೆಯ ಗಡಿಯಾರ ನೋಡಿದಳು. ಅಡುಗೆಮನೆಗೆ ಹೋಗಿ, ಇವತ್ತು ಬೇಗ ಬಡಿಸಲು ಉಮ್ಮನಿಗೆ ಹೇಳಿದಳು.